ಏರಿದ ಸಿಟ್ಟು ಇಳಿಯುವವರೆಗೆ

(ಸಾರ್ವಜನಿಕರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿದ್ದೇನೆ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಮಾತಿನಲ್ಲಿ ಸಿಟ್ಟಿಗೂ ಬಿಪಿಗೂ ಯಾವತ್ತೋ ಗಂಟು ಬಿದ್ದಿದೆ. "ಸುಮ್ನಿರಪ್ಪಾ, ನನ್ನ ಬಿಪಿ ಏರಿಸಬೇಡ" ಅನ್ನುತ್ತೇವೆ. ಯಾರಾದರೂ ಕೂಗಾಡಿದರೆ "ಬಿಡಿ, ಅವರಿಗೆ ಬಿಪಿ ಇದೆ, ಪಾಪ" ಅಂತ ಮಾಫಿ ಕೊಡುತ್ತೇವೆ. ಈ ಎರಡು ಮಾತನ್ನೂ ನಾನು ದಿನಾ ಕೇಳುತ್ತೇನೆ. ಮೊದಲನೆಯದರಲ್ಲಿ ಅರ್ಧ ಸತ್ಯ ಇದೆ. ಎರಡನೆಯದು ಬಹುಮಟ್ಟಿಗೆ ತಪ್ಪು.

ಬಿಪಿ ಜಾಸ್ತಿ ಇದ್ದ ಮಾತ್ರಕ್ಕೆ ಸಿಟ್ಟು ಬರುವುದಿಲ್ಲ. ಅದು ಹೆಚ್ಚಿನವರಲ್ಲಿ ಸದ್ದೇ ಮಾಡದ ಕಾಯಿಲೆ. ತಲೆನೋವಿಲ್ಲ, ತಲೆಸುತ್ತಿಲ್ಲ, ಏನೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಜಗತ್ತಿನಲ್ಲಿ 30ರಿಂದ 79 ವಯಸ್ಸಿನ ಸುಮಾರು 128 ಕೋಟಿ ಜನರಿಗೆ ಬಿಪಿ ಇದೆ. ಅವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಮಂದಿಗೆ ಅದು ಇರುವುದೇ ಗೊತ್ತಿಲ್ಲ. ಬೆಣ್ಣೆಯಂಥ ಸ್ವಭಾವದವರಿಗೆ 170/100 ಇರುವುದನ್ನು ನೋಡಿದ್ದೇನೆ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವರಿಗೆ 116/74 ಇರುವುದನ್ನೂ ನೋಡಿದ್ದೇನೆ. ಬಿಪಿಗೆ ವಯಸ್ಸು, ಅಪ್ಪ ಅಮ್ಮನಿಂದ ಬಂದ ಗುಣ, ಉಪ್ಪು, ಮೈತೂಕ, ಕುಡಿತ, ಕೂತೇ ಇರುವುದು ಇವೆಲ್ಲ ದೊಡ್ಡ ಕಾರಣಗಳು. ಸಿಟ್ಟು ಈ ಸಾಲಿನಲ್ಲಿ ಮುಂದೆ ನಿಲ್ಲುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ "ನಾನು ಸಿಟ್ಟು ಬಿಟ್ಟಿದ್ದೇನೆ, ಇನ್ನು ಮಾತ್ರೆ ಬೇಡ" ಅಂತ ನಾಳೆ ಯಾರೋ ಒಬ್ಬರು ಬಂದೇ ಬರುತ್ತಾರೆ.

ಹಾಗಾದರೆ ಒಂದು ಗಂಟೆ ಇದರ ಬಗ್ಗೆ ಮಾತಾಡುವುದು ಏಕೆ? ಒಂದು ಸಂಜೆ ನಡೆದದ್ದನ್ನು ಹೇಳುತ್ತೇನೆ.

ಐವತ್ತು ದಾಟಿದ ಒಬ್ಬರು ನನ್ನ ಹತ್ತಿರ ತೋರಿಸಿಕೊಳ್ಳಲು ಬಂದರು. ಮುಖ ಕೆಂಪಾಗಿತ್ತು. ಹೊರಗೆ ಗಾಡಿ ನಿಲ್ಲಿಸುವ ಜಾಗಕ್ಕೆ ಯಾರ ಜೊತೆಗೋ ಜಗಳ ಆಗಿತ್ತು. ಕುರ್ಚಿಯಲ್ಲಿ ಕೂರುವ ಮೊದಲೇ ಆ ಕಥೆ ಶುರು. ತೋಳಿಗೆ ಪಟ್ಟಿ ಸುತ್ತಿ ನೋಡಿದೆ: 168/98. "ಐದು ನಿಮಿಷ ಮಾತು ಬೇಡ. ಬೆನ್ನು ಒರಗಿಸಿ, ಕಾಲು ನೆಲಕ್ಕೆ ಊರಿ, ಕೈ ಮೇಜಿನ ಮೇಲೆ ಇಡಿ" ಅಂದೆ. ಎರಡನೇ ಸಲ 148/90. ಇನ್ನೂ ಐದು ನಿಮಿಷ ಬಿಟ್ಟು ಮೂರನೇ ಸಲ 136/84. ಸರಿ, ಇಳಿಯಿತು ಅಂದುಕೊಂಡೆ. ಪಟ್ಟಿ ಬಿಚ್ಚುವ ಮೊದಲು ಸುಮ್ನೆ ಕೇಳಿದೆ, "ಮನೆಯಲ್ಲಿ ಎಲ್ಲ ಹೇಗಿದ್ದಾರೆ?" ಅಂತ. "ತಮ್ಮನ ಜೊತೆ ಮಾತಿಲ್ಲ ಡಾಕ್ಟರೇ" ಅಂದರು. ಆಮೇಲೆ ಎರಡು ನಿಮಿಷ ನಿಲ್ಲಲೇ ಇಲ್ಲ. ಯಾರು ಏನು ಅಂದರು, ಎಲ್ಲಿ ನಿಂತು ಅಂದರು, ಯಾವ ಬಾಗಿಲ ಹತ್ತಿರ, ಎಲ್ಲವೂ ನಿನ್ನೆ ನಡೆದ ಹಾಗೆ. ನಾನು ಗುಂಡಿ ಒತ್ತಿದೆ: 164/96.

ಮಾತಾಡುವುದರಿಂದಲೇ ಬಿಪಿ ಹತ್ತರಷ್ಟು ಏರಬಹುದು, ಅದನ್ನು ಕಳೆಯೋಣ. ಆದರೂ ಲೆಕ್ಕ ಮುಗಿಯುವುದಿಲ್ಲ. ಆ ಜಗಳ ಯಾವಾಗಿನದು ಅಂತ ಕೇಳಿದೆ. ಹನ್ನೊಂದು ವರ್ಷ ಆಗಿತ್ತಂತೆ.

ನೋಡಿ, ಹತ್ತು ನಿಮಿಷದ ಹಿಂದಿನ ಜಗಳ ಹತ್ತೇ ನಿಮಿಷದಲ್ಲಿ ಇಳಿಯಿತು. ಹನ್ನೊಂದು ವರ್ಷದ ಹಿಂದಿನದು ಇನ್ನೂ ಇಳಿದಿಲ್ಲ. ಸಿಟ್ಟು ಏರುವುದು ದೇಹಕ್ಕೆ ಹೊಸದಲ್ಲ. ಅದಕ್ಕೆ ಬೇಕಾದ ವ್ಯವಸ್ಥೆ ಒಳಗೇ ಇದೆ. ತೊಂದರೆ ಇರುವುದು ಇಳಿಯುವುದರಲ್ಲಿ. ಸ್ವಭಾವ ಅನ್ನುತ್ತೇವಲ್ಲ, ಹೃದಯದ ಮಟ್ಟಿಗೆ ಅದರ ಅರ್ಥ ಹೆಚ್ಚುಕಮ್ಮಿ ಇಷ್ಟೇ: ಎಷ್ಟು ಸಲ ಏರುತ್ತದೆ, ಇಳಿಯಲು ಎಷ್ಟು ಹೊತ್ತು ಬೇಕು.

ಏರುವಾಗ ಒಳಗೆ ಏನಾಗುತ್ತದೆ ಅಂತ ನೋಡೋಣ. ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ ಇದನ್ನು 1915ರಲ್ಲೇ ವಿವರಿಸಿದ್ದರು. ಹೋರಾಡು, ಇಲ್ಲವೇ ಓಡು ಅನ್ನುವ ಸ್ಥಿತಿ. ಮಿದುಳು ಅಪಾಯ ಅಂತ ಗುರುತಿಸಿದ ಕೂಡಲೇ ನರಗಳ ಮೂಲಕ ಹೃದಯಕ್ಕೆ ಸುದ್ದಿ ಹೋಗುತ್ತದೆ. ಕಿಡ್ನಿಯ ತಲೆ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ಅಡ್ರಿನಲಿನ್ ಅನ್ನುವ ಹಾರ್ಮೋನು ಬಿಡುತ್ತದೆ. ಹೃದಯ ಜೋರಾಗಿ, ಬೇಗ ಬೇಗ ಬಡಿಯುತ್ತದೆ. ಚರ್ಮ ಮತ್ತು ಹೊಟ್ಟೆಯ ಕಡೆಯ ರಕ್ತನಾಳಗಳು ಬಿಗಿಯುತ್ತವೆ. ಪಂಪಿನ ವೇಗ ಜಾಸ್ತಿ, ಪೈಪು ಸಣ್ಣದು. ಒತ್ತಡ ಏರದೆ ಇನ್ನೇನಾಗುತ್ತದೆ? ರಕ್ತದಲ್ಲಿ ಸಕ್ಕರೆ ಮತ್ತು ಕೊಬ್ಬು ಏರುತ್ತವೆ. ರಕ್ತದಲ್ಲಿರುವ ಪ್ಲೇಟ್‌ಲೆಟ್ ಅನ್ನುವ ಪುಟ್ಟ ಕಣಗಳು ಒಂದಕ್ಕೊಂದು ಅಂಟಿಕೊಳ್ಳಲು ತಯಾರಾಗುತ್ತವೆ. ಗಾಯ ಆದರೆ ರಕ್ತ ಬೇಗ ಹೆಪ್ಪುಗಟ್ಟಲಿ ಅಂತ. ಹುಲಿಯ ಎದುರು ನಿಂತವನಿಗೆ ಇದೆಲ್ಲ ಬೇಕು. ಫೋನಿನಲ್ಲಿ ಬಂದ ಒಂದು ಸಾಲಿನ ಮೆಸೇಜಿಗೂ ದೇಹ ಇದನ್ನೇ ಮಾಡುತ್ತದೆ. ಅದಕ್ಕೆ ಬೇರೆ ದಾರಿ ಗೊತ್ತಿಲ್ಲ.

ಇದರಲ್ಲಿ ಒಂದು ವಿಷಯ ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನವರಿಗೆ ಇದು ಗೊತ್ತಿರುವುದಿಲ್ಲ. ಹೃದಯ ಇಡೀ ಮೈಗೆ ರಕ್ತ ಹಂಚುತ್ತದೆ. ಆದರೆ ತನ್ನ ಮಾಂಸಕ್ಕೆ ಬೇಕಾದ ರಕ್ತದ ಬಹುಪಾಲನ್ನು ಅದು ಪಡೆಯುವುದು ಹಿಗ್ಗಿ ಸಡಿಲವಾದಾಗ. ಕುಗ್ಗುವಾಗ ಅದರ ಬಿಗಿತಕ್ಕೆ ಒಳಗಿನ ನಾಳಗಳೇ ಒತ್ತಿಹೋಗುತ್ತವೆ. ಅಂದರೆ ಎರಡು ಬಡಿತಗಳ ನಡುವಿನ ಬಿಡುವೇ ಹೃದಯದ ಊಟದ ಹೊತ್ತು. ನಿಮಿಷಕ್ಕೆ 60 ಸಲ ಬಡಿಯುವಾಗ ಒಂದು ಬಡಿತಕ್ಕೆ ಒಂದು ಸೆಕೆಂಡು ಸಿಗುತ್ತದೆ. ಅದರಲ್ಲಿ ಸುಮಾರು ಮೂರನೇ ಎರಡು ಪಾಲು ಬಿಡುವು. 120ಕ್ಕೆ ಏರಿದಾಗ ಸಿಗುವುದೇ ಅರ್ಧ ಸೆಕೆಂಡು. ಆಗ ಮೊಟಕಾಗುವುದು ಮುಖ್ಯವಾಗಿ ಕುಗ್ಗುವ ಹೊತ್ತಲ್ಲ, ಬಿಡುವು. ಕೆಲಸ ಜಾಸ್ತಿ, ಊಟದ ಹೊತ್ತು ಕಮ್ಮಿ. ನಾಳಗಳು ಚೆನ್ನಾಗಿದ್ದರೆ ಅಗಲವಾಗಿ ಸುಧಾರಿಸಿಕೊಳ್ಳುತ್ತವೆ. ಮೊದಲೇ ಕೊಬ್ಬು ಕಟ್ಟಿ ಕಿರಿದಾಗಿದ್ದರೆ ಎದೆ ಹಿಡಿದುಕೊಳ್ಳುತ್ತದೆ. ಆ ಕೊಬ್ಬಿನ ಗಡ್ಡೆಯ ತೆಳು ಹೊದಿಕೆ ಒತ್ತಡಕ್ಕೆ ಬಿರಿದರೆ, ಅಂಟಲು ತಯಾರಾಗಿ ನಿಂತಿದ್ದ ಪ್ಲೇಟ್‌ಲೆಟ್‌ಗಳು ಅಲ್ಲೇ ಮುತ್ತಿಕೊಳ್ಳುತ್ತವೆ, ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ. ಹೃದಯಾಘಾತ ಆಗುವುದು ಹೀಗೆ.

ಇದಕ್ಕೆ ಹಳೆಯ ಉದಾಹರಣೆ ಒಬ್ಬ ವೈದ್ಯನದೇ. ಜಾನ್ ಹಂಟರ್ ಲಂಡನ್ನಿನ ಹೆಸರಾಂತ ಶಸ್ತ್ರವೈದ್ಯ. ಮಹಾ ಮುಂಗೋಪಿ. ಅವರಿಗೆ ಎದೆನೋವಿನ ಕಾಯಿಲೆ ಇತ್ತು, ಸಿಟ್ಟು ಬಂದಾಗಲೆಲ್ಲ ನೋವು ಬರುತ್ತಿತ್ತು. ನನ್ನನ್ನು ಕೆಣಕಲು ಹೊರಟ ಯಾವ ಪುಂಡನ ಕೈಯಲ್ಲಾದರೂ ನನ್ನ ಜೀವ ಇದೆ ಅಂತ ಅವರೇ ಹೇಳಿಕೊಳ್ಳುತ್ತಿದ್ದರಂತೆ. 1793ರ ಅಕ್ಟೋಬರ್ 16ರಂದು ಸೇಂಟ್ ಜಾರ್ಜ್ ಆಸ್ಪತ್ರೆಯ ಸಭೆಯೊಂದರಲ್ಲಿ ಮಾತಿಗೆ ಮಾತು ಬೆಳೆಯಿತು. ಹಂಟರ್ ಪಕ್ಕದ ಕೋಣೆಗೆ ಹೋಗಿ ಅಲ್ಲೇ ಕುಸಿದು ತೀರಿಕೊಂಡರು. ಮರಣೋತ್ತರ ಪರೀಕ್ಷೆಯಲ್ಲಿ ಹೃದಯದ ನಾಳಗಳು ಗಟ್ಟಿಯಾಗಿದ್ದದ್ದು ಕಂಡಿತು. ಸಿಡುಬಿಗೆ ಲಸಿಕೆ ತಂದ ಎಡ್ವರ್ಡ್ ಜೆನ್ನರ್ ಇವರ ಶಿಷ್ಯ. ಗುರುಗಳ ಕಾಯಿಲೆ ಈ ನಾಳಗಳದ್ದೇ ಅಂತ ಜೆನ್ನರ್‌ಗೆ ಮೊದಲೇ ಅನುಮಾನ ಇತ್ತು. ಗುರುಗಳಿಗೆ ಗೊತ್ತಾದರೆ ಗಾಬರಿಯಾದಾರು ಅಂತ ಅದನ್ನು ಬಹಿರಂಗ ಮಾಡಲಿಲ್ಲ. ಮುಂಗೋಪಿ ಗುರುವಿಗೆ ಅಂಥ ಸುದ್ದಿ ಹೇಳುವುದು ಯಾರಿಗೆ ತಾನೇ ಬೇಕು?

ಹಂಟರ್ ಕಥೆಯಲ್ಲಿ ಒಂದು ಅಂಶ ತಪ್ಪಿಹೋಗಬಾರದು. ಸಿಟ್ಟು ಕಿಡಿ ಹೊತ್ತಿಸಿತು, ನಿಜ. ಆದರೆ ಸೌದೆ ಒಳಗೆ ಮೊದಲೇ ಜೋಡಿಸಿಟ್ಟಿತ್ತು.

ಇನ್ನು ಸ್ವಭಾವದ ವಿಷಯ. ಇದರ ಕಥೆ ಕುರ್ಚಿಗಳಿಂದ ಶುರುವಾಗುತ್ತದೆ. 1950ರ ದಶಕ, ಸ್ಯಾನ್ ಫ್ರಾನ್ಸಿಸ್ಕೊ. ಮೇಯರ್ ಫ್ರೀಡ್‌ಮನ್ ಮತ್ತು ರೇ ರೋಸೆನ್‌ಮನ್ ಅನ್ನುವ ಇಬ್ಬರು ಹೃದಯ ವೈದ್ಯರು. ಅವರ ಕ್ಲಿನಿಕ್ಕಿನಲ್ಲಿ ರೋಗಿಗಳು ಕಾಯುವ ಕುರ್ಚಿಗಳಿಗೆ ಹೊಸ ಬಟ್ಟೆ ಹಾಕಲು ಬಂದ ಕೆಲಸಗಾರ, ಇವು ಬರೀ ಮುಂದಿನ ಅಂಚಿನಲ್ಲೇ ಸವೆದಿವೆಯಲ್ಲ ಅಂದನಂತೆ. ಅಂದರೆ ಕೂತವರು ಒರಗಿ ಕೂತೇ ಇಲ್ಲ. ತುದಿಯಲ್ಲಿ ಕೂತು ಯಾವಾಗ ಎದ್ದೇನು ಅಂತ ಕಾಯುತ್ತಿದ್ದರು. ಆಗ ವೈದ್ಯರು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ವರ್ಷಗಳ ಮೇಲೆ ನೆನಪಾಯಿತು. ಹೃದಯದ ಕಾಯಿಲೆಯನ್ನು ಮೊದಲು ಕಂಡವನು ಕುರ್ಚಿ ರಿಪೇರಿಯವನು! ನನಗೆ ಬಹಳ ಇಷ್ಟವಾದ ಕಥೆ ಇದು. ನಾನೂ ಒಮ್ಮೆ ನಮ್ಮ ಕುರ್ಚಿಗಳನ್ನು ಬಗ್ಗಿ ನೋಡಿದ್ದೇನೆ. ಪ್ಲಾಸ್ಟಿಕ್ಕು, ಏನೂ ಗೊತ್ತಾಗಲಿಲ್ಲ.

1959ರಲ್ಲಿ ಅವರು 'ಟೈಪ್ ಎ' ಅನ್ನುವ ಹೆಸರು ಕೊಟ್ಟರು. ಸದಾ ಅವಸರ, ಪೈಪೋಟಿ, ಎದುರಿನವರ ವಾಕ್ಯವನ್ನು ತಾವೇ ಮುಗಿಸುವುದು, ಸಣ್ಣದಕ್ಕೂ ಸಿಡಿಯುವುದು. ಇದರ ಉಲ್ಟಾ 'ಟೈಪ್ ಬಿ'. 1960ರಿಂದ ಕ್ಯಾಲಿಫೋರ್ನಿಯಾದಲ್ಲಿ 39ರಿಂದ 59 ವಯಸ್ಸಿನ 3,154 ಪುರುಷರನ್ನು ಎಂಟೂವರೆ ವರ್ಷ ಗಮನಿಸಿದರು. ಟೈಪ್ ಎ ಗುಂಪಿನಲ್ಲಿ ಹೃದಯದ ಕಾಯಿಲೆ ಸುಮಾರು ಎರಡು ಪಟ್ಟು ಬಂತು. ಜಗತ್ತೆಲ್ಲ ಈ ಮಾತು ಹಬ್ಬಿತು. ಮನೆಮನೆಯಲ್ಲೂ ಜನ ಒಬ್ಬರನ್ನೊಬ್ಬರು ಎ, ಬಿ ಅಂತ ವಿಂಗಡಿಸತೊಡಗಿದರು.

ಆಮೇಲೆ ಬಣ್ಣ ಮಾಸಿತು. 1985ರಲ್ಲಿ ಬಂದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಟೈಪ್ ಎಗೂ ಹೃದಯಾಘಾತಕ್ಕೂ ಸಂಬಂಧವೇ ಕಾಣಲಿಲ್ಲ. 1988ರಲ್ಲಿ ಮೊದಲಿನ ಗುಂಪನ್ನೇ ಮತ್ತೆ ನೋಡಿದಾಗ ಇನ್ನೂ ವಿಚಿತ್ರ. ಒಮ್ಮೆ ಹೃದಯದ ಕಾಯಿಲೆ ಕಾಣಿಸಿಕೊಂಡ ಮೇಲೆ ಟೈಪ್ ಎ ಜನರೇ ಟೈಪ್ ಬಿಗಿಂತ ಜಾಸ್ತಿ ಬದುಕಿದ್ದರು. ಇದರ ನಡುವೆ ಸಿಗರೇಟ್ ಕಂಪನಿಗಳೂ ಟೈಪ್ ಎ ಸಂಶೋಧನೆಗೆ ವರ್ಷಗಟ್ಟಲೆ ದುಡ್ಡು ಕೊಟ್ಟಿದ್ದವು ಅಂತ ಅವುಗಳ ಹಳೆಯ ಕಡತಗಳಿಂದ ಹೊರಬಂತು. ತಪ್ಪು ಸ್ವಭಾವದ್ದು ಅಂತಾದರೆ ಸಿಗರೇಟು ಬಚಾವ್, ಅಲ್ವಾ?

ಹಾಗಂತ ಇಡೀ ವಿಚಾರವೇ ಸುಳ್ಳು ಅಂತಲ್ಲ. ಟೈಪ್ ಎ ಅನ್ನುವ ಮೂಟೆಯಲ್ಲಿ ಬೇರೆ ಬೇರೆ ಗುಣಗಳನ್ನು ಒಟ್ಟಿಗೆ ಕಟ್ಟಿದ್ದರು. ಬಿಚ್ಚಿ ನೋಡಿದಾಗ ದುಡಿಮೆಯ ಹಂಬಲ, ಮೇಲೆ ಬರಬೇಕು ಅನ್ನುವ ಛಲ, ಇವು ನಿರಪರಾಧಿಗಳು ಅಂತ ಕಂಡಿತು. ಕೆಡಕು ಇದ್ದದ್ದು ಹಗೆತನದಲ್ಲಿ. ಹಗೆತನ ಅಂದರೆ ಬರೀ ಕೂಗಾಟ ಅಲ್ಲ. "ಯಾರನ್ನೂ ನಂಬೋ ಹಾಗಿಲ್ಲ, ಎಲ್ಲರೂ ತಮ್ಮ ಲಾಭ ನೋಡಿಕೊಳ್ಳುವವರೇ, ಅವನು ಬೇಕಂತಲೇ ಹಾಗೆ ಮಾಡಿದ" ಅನ್ನುವ ಕಣ್ಣು. ಕ್ಯೂನಲ್ಲಿ ಮುಂದಿರುವವರು ತಡಮಾಡಿದರೆ ಒಬ್ಬರಿಗೆ ಪಾಪ ಚಿಲ್ಲರೆ ಹುಡುಕುತ್ತಿದ್ದಾರೆ ಅನ್ನಿಸುತ್ತದೆ. ಇನ್ನೊಬ್ಬರಿಗೆ ಬೇಕಂತಲೇ ಸತಾಯಿಸುತ್ತಿದ್ದಾರೆ ಅನ್ನಿಸುತ್ತದೆ. ಕ್ಯೂ ಒಂದೇ, ಕಾಯುವ ಹೊತ್ತೂ ಒಂದೇ. ಎರಡನೆಯವರ ನಾಳಗಳು ಮಾತ್ರ ಬಿಗಿಯುತ್ತಿರುತ್ತವೆ.

ವೈದ್ಯಕೀಯ ಓದುವಾಗ ಸ್ವಭಾವದ ಪರೀಕ್ಷೆ ಬರೆದಿದ್ದ 255 ಮಂದಿಯನ್ನು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 25 ವರ್ಷದ ನಂತರ ನೋಡಿದರು. ಹಗೆತನದ ಅಂಕ ಜಾಸ್ತಿ ಇದ್ದವರಲ್ಲಿ ಹೃದಯದ ಕಾಯಿಲೆ ನಾಲ್ಕೈದು ಪಟ್ಟು ಇತ್ತು. 1983ರಲ್ಲಿ ಇದು ದೊಡ್ಡ ಸುದ್ದಿ. ಆದರೆ ಇಷ್ಟು ಸಣ್ಣ ಗುಂಪಿನ ಅಂಕಿಯನ್ನು ತಲೆ ಮೇಲೆ ಹೊತ್ತು ಕುಣಿಯಬಾರದು. ಮುಂದೆ 2009ರಲ್ಲಿ ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಸಿಕ್ಕಿದ್ದು ಬಹಳ ಸಾಧಾರಣ ಅಂಕಿ. ಸಿಟ್ಟು, ಹಗೆತನ ಜಾಸ್ತಿ ಇರುವ ಆರೋಗ್ಯವಂತರಲ್ಲಿ ಹೃದಯದ ಕಾಯಿಲೆಯ ಅಪಾಯ 19% ಜಾಸ್ತಿ. ಸಿಗರೇಟಿನ ಮುಂದೆ ಇದು ಚಿಕ್ಕದೇ. ಅದರಲ್ಲೂ ಒಂದು ಪಾಲು ಸಿಟ್ಟಿನದಲ್ಲ, ಸಿಟ್ಟಿನ ಜೊತೆಗಾರರದು. ಹಗೆತನ ಜಾಸ್ತಿ ಇರುವವರು ಜಾಸ್ತಿ ಸೇದುತ್ತಾರೆ, ಜಾಸ್ತಿ ಕುಡಿಯುತ್ತಾರೆ. ವೈದ್ಯರ ಮಾತನ್ನೂ ಅವರು ನಂಬುವುದಿಲ್ಲ!

ಬಿಪಿಯ ವಿಷಯದಲ್ಲಿ ನನಗೆ ಮುಖ್ಯ ಅನ್ನಿಸಿದ ಅಧ್ಯಯನ 2003ರದು. 18ರಿಂದ 30 ವಯಸ್ಸಿನ 3,308 ಯುವಕ ಯುವತಿಯರನ್ನು 15 ವರ್ಷ ನೋಡಿದರು. ಛಲ, ಆತಂಕ, ಖಿನ್ನತೆ, ಇವಕ್ಕೂ ಬಿಪಿಗೂ ನಂಟು ಕಾಣಲಿಲ್ಲ. ಹಗೆತನಕ್ಕೆ ಕಂಡಿತು. ಜೊತೆಗೆ ಇನ್ನೊಂದು: ತಾಳ್ಮೆಗೇಡಿತನ. ಸದಾ ಹೊತ್ತು ಸಾಲದು ಅನ್ನುವ ಚಡಪಡಿಕೆ. ಇವೆರಡರಲ್ಲಿ ಯಾವುದರಲ್ಲಾದರೂ ತೀರಾ ಮೇಲಿದ್ದವರಿಗೆ ಬಿಪಿ ಬರುವ ಸಾಧ್ಯತೆ ತೀರಾ ಕೆಳಗಿದ್ದವರ ಸುಮಾರು 1.8 ಪಟ್ಟು. ಅಂದರೆ ಕುರ್ಚಿ ರಿಪೇರಿಯವನು ಕಂಡದ್ದು ಪೂರ್ತಿ ಸುಳ್ಳಾಗಲಿಲ್ಲ.

ಈಗ ಸ್ಫೋಟದ ಲೆಕ್ಕ. ಕೆಂಡಾಮಂಡಲವಾಗಿ ಸಿಟ್ಟು ಬಂದ ಮೇಲಿನ ಎರಡು ಗಂಟೆಯಲ್ಲಿ ಹೃದಯಾಘಾತದ ಅಪಾಯ ಸುಮಾರು ಐದು ಪಟ್ಟು ಏರುತ್ತದೆ ಅಂತ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2014ರ ಒಂದು ವಿಶ್ಲೇಷಣೆ ಹೇಳಿತು. ಐದು ಪಟ್ಟು ಅಂದ ಕೂಡಲೇ ಹೆದರಬೇಡಿ. ಯಾವುದರ ಐದು ಪಟ್ಟು ಅನ್ನುವುದು ಮುಖ್ಯ. ಆರೋಗ್ಯವಂತರಿಗೆ ಯಾವುದೋ ಒಂದು ಎರಡು ಗಂಟೆಯಲ್ಲಿ ಹೃದಯಾಘಾತ ಆಗುವ ಸಾಧ್ಯತೆ ಸೊನ್ನೆಗೆ ಹತ್ತಿರ. ಅದರ ಐದು ಪಟ್ಟೂ ಚಿಕ್ಕದೇ. ಆ ವಿಶ್ಲೇಷಣೆ ಮಾಡಿದವರೇ ಲೆಕ್ಕ ಹಾಕಿದ್ದಾರೆ: ಬೇರೆ ಅಪಾಯ ಕಮ್ಮಿ ಇರುವ 10,000 ಜನ ತಿಂಗಳಿಗೆ ಒಮ್ಮೆ ಹೀಗೆ ಸಿಡಿದರೆ ವರ್ಷಕ್ಕೆ ಒಂದು ಹೃದಯಾಘಾತ ಜಾಸ್ತಿ. ಅದೇ ಜನ ದಿನಕ್ಕೆ ಐದು ಸಲ ಸಿಡಿದರೆ 158 ಜಾಸ್ತಿ. ಮೊದಲೇ ಹೃದಯದ ಅಪಾಯ ಇರುವವರಾದರೆ 657. ಒಮ್ಮೊಮ್ಮೆ ಬರುವ ಸಿಟ್ಟಿಗೂ ದಿನಚರಿಯಾದ ಸಿಟ್ಟಿಗೂ ಇರುವ ಅಂತರ ಇದು.

ಇನ್ನೊಂದು 2024ರ ಪ್ರಯೋಗ. ಕೊಲಂಬಿಯಾ ವಿಶ್ವವಿದ್ಯಾಲಯದ ಡೈಚಿ ಶಿಂಬೊ ಮತ್ತು ಜೊತೆಗಾರರು 280 ಆರೋಗ್ಯವಂತರನ್ನು ಕೂರಿಸಿ, ಕೆಲವರಿಗೆ ಸಿಟ್ಟು ತಂದ ಘಟನೆಯನ್ನು ಎಂಟು ನಿಮಿಷ ನೆನಪಿಸಿಕೊಳ್ಳಲು ಹೇಳಿದರು. ಇನ್ನು ಕೆಲವರು ಆತಂಕ ತಂದದ್ದನ್ನು ನೆನಪಿಸಿಕೊಂಡರು, ಕೆಲವರು ದುಃಖ ತರುವ ಸಾಲುಗಳನ್ನು ಓದಿದರು. ಉಳಿದವರು ಸುಮ್ಮನೆ ಒಂದು, ಎರಡು ಅಂತ ಎಣಿಸುತ್ತಾ ಕೂತರು. ಸಿಟ್ಟಿನ ಗುಂಪಿನಲ್ಲಿ ರಕ್ತನಾಳಗಳು ಅಗಲವಾಗುವ ಶಕ್ತಿಯೇ ಕುಂದಿತು. ಅದು ನಲವತ್ತು ನಿಮಿಷದವರೆಗೂ ಕಾಣುತ್ತಿತ್ತು. ದುಃಖಕ್ಕೆ, ಆತಂಕಕ್ಕೆ ಹೀಗೆ ಆಗಲಿಲ್ಲ. ಗಮನಿಸಿ, ಅಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ. ಹಳೆಯದನ್ನು ನೆನಪಿಸಿಕೊಂಡರು, ಅಷ್ಟೇ. ಎಂಟು ನಿಮಿಷದ ನೆನಪಿಗೆ ನಲವತ್ತು ನಿಮಿಷದ ಬಡ್ಡಿ. ತಮ್ಮನ ಕಥೆ ಹೇಳಿದವರನ್ನು ಮತ್ತೆ ಜ್ಞಾಪಿಸಿಕೊಳ್ಳಿ.

ನನ್ನ ಮೇಲೇ ಒಂದು ಪ್ರಯೋಗ ಮಾಡಿಕೊಂಡಿದ್ದೇನೆ. ಫೋನಿನಲ್ಲಿ ಒಂದು ದೂರು ಹೇಳಬೇಕಿತ್ತು. ಯಾರಿಗೆ ಅನ್ನುವುದು ಬೇಡ. ಮೂರು ಸಲ ಕಾಯಿಸಿದರು, ನಾಲ್ಕನೇ ಸಲ ಕಟ್ ಆಯಿತು. ಕೈಗೆ ಸಿಕ್ಕಿದ್ದು ಬಿಪಿ ಮೆಷಿನ್ನು, ನೋಡಿಕೊಂಡೆ. ಮೇಲಿನ ಅಂಕಿ ಮಾಮೂಲು 124 ಇರುವುದು 150 ಆಗಿತ್ತು. ಇಪ್ಪತ್ತು ನಿಮಿಷದಲ್ಲಿ ವಾಪಸ್ 126. ಸಂತೋಷ. ರಾತ್ರಿ ಹಾಸಿಗೆಯಲ್ಲಿ ಮಲಗಿ, ಆಗ ಹೀಗೆ ಹೇಳಬೇಕಿತ್ತು, ಹಾಗೆ ಕೇಳಬೇಕಿತ್ತು ಅಂತ ಒಳಗೊಳಗೇ ವಾದ ಮಾಡುತ್ತಿದ್ದೆ. ಎದ್ದು ಕೂತು ನೋಡಿಕೊಂಡೆ. 142. ಮನೆಯಲ್ಲಿ ಎಲ್ಲರೂ ಮಲಗಿದ್ದರು. ಆ ಫೋನ್ ಎತ್ತಿದವರೂ ಎಲ್ಲೋ ಹಾಯಾಗಿ ಮಲಗಿದ್ದಿರಬೇಕು.

ರಾತ್ರಿ ಬಿಪಿ ಸಾಮಾನ್ಯವಾಗಿ ಹಗಲಿಗಿಂತ 10ರಿಂದ 20% ಇಳಿಯಬೇಕು. ನಾಳಗಳಿಗೆ ಅದು ವಿಶ್ರಾಂತಿ. ಮೆಲುಕು ಹಾಕುವ ಸಿಟ್ಟು ಆ ವಿಶ್ರಾಂತಿಗೇ ಕೈ ಹಾಕುತ್ತದೆ.

"ಹಾಗಾದರೆ ಸಿಟ್ಟು ನುಂಗಿಕೊಂಡರೆ ಒಳ್ಳೆಯದಾ, ಕಕ್ಕಿಬಿಟ್ಟರೆ ಒಳ್ಳೆಯದಾ?" ಎಲ್ಲ ಕಡೆ ಕೇಳುವ ಪ್ರಶ್ನೆ ಇದು. ನನ್ನ ಉತ್ತರ: ಎರಡೂ ಅಲ್ಲ. ಒಂದು ಊರಿನ ಜನರ ಹೃದಯದ ಆರೋಗ್ಯವನ್ನು ದಶಕಗಟ್ಟಲೆ ಗಮನಿಸಿದ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದ ಒಂದು ಭಾಗದಲ್ಲಿ, ಗಂಡನ ಜೊತೆ ಜಗಳ ಬಂದಾಗ ಬಾಯಿ ಮುಚ್ಚಿ ಎಲ್ಲ ಒಳಗೇ ಇಟ್ಟುಕೊಳ್ಳುವ ಹೆಂಗಸರನ್ನು ಹತ್ತು ವರ್ಷ ನೋಡಿದರು. ಹಾಗೆ ಮಾಡದ ಹೆಂಗಸರಿಗಿಂತ ಅವರಲ್ಲಿ ಸಾವು ನಾಲ್ಕು ಪಟ್ಟು ಇತ್ತು. ಹೃದಯದಿಂದಲೇ ಅಂತಲ್ಲ, ಒಟ್ಟು ಸಾವು. ಗಂಡಸರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಇದನ್ನು ಕೇಳಿ "ನೋಡಿ, ಅವಳೇ ಮಾತಾಡಬೇಕಿತ್ತು" ಅನ್ನುವ ಗಂಡಸರು ಇದ್ದಾರೆ. ಮಾತಾಡಿದರೆ ಕೇಳುವವರೂ ಬೇಕಲ್ಲ?

ಕಕ್ಕುವುದು ಇನ್ನೂ ದೊಡ್ಡ ಭ್ರಮೆ. ಒಳಗಿನ ಹಬೆ ಹೊರಹೋದರೆ ಹಗುರಾಗುತ್ತದೆ ಅಂತ ನಂಬಿದ್ದೇವೆ. ಮನಸ್ಸು ಕುಕ್ಕರ್ ಅಲ್ಲ. ಒಹಾಯೊ ವಿಶ್ವವಿದ್ಯಾಲಯವೊಂದರ ಸಂಶೋಧಕರು 154 ಅಧ್ಯಯನಗಳನ್ನು ಒಟ್ಟುಗೂಡಿಸಿ 2024ರಲ್ಲಿ ಪ್ರಕಟಿಸಿದರು. ಕೂಗಾಟ, ದಿಂಬಿಗೆ ಗುದ್ದುವುದು, ಇಂಥವುಗಳಿಂದ ಸಿಟ್ಟು ಇಳಿಯಲಿಲ್ಲ. ಓಡುವುದರಿಂದಲೂ ಇಳಿಯಲಿಲ್ಲ, ಬದಲಿಗೆ ಏರುವುದೇ ಕಂಡಿತು. ವ್ಯಾಯಾಮ ಹೃದಯಕ್ಕೆ ಒಳ್ಳೆಯದೇ, ಬಿಡಬೇಡಿ. ಸಿಟ್ಟು ಇಳಿಸುವ ಔಷಧ ಮಾತ್ರ ಅದಲ್ಲ. ದೇಹದ ಕಾವು ಇಳಿಸುವಂಥವು ಕೆಲಸ ಮಾಡಿದವು: ನಿಧಾನ ಉಸಿರು, ಧ್ಯಾನ, ಯೋಗ, ಸ್ನಾಯು ಸಡಿಲ ಬಿಡುವುದು.

ನಿಧಾನ ಉಸಿರು ಅಂದರೆ ಎಷ್ಟು ನಿಧಾನ? ನಿಮಿಷಕ್ಕೆ ಆರರ ಸುತ್ತಮುತ್ತ. ಒಳಗೆ ಎಳೆಯಲು ನಾಲ್ಕು ಎಣಿಸಿ, ಬಿಡಲು ಆರು. ಉಸಿರು ಬಿಡುವಾಗ, ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರದ ಹಿಡಿತ ಬಿಗಿಯಾಗಿ ಹೃದಯದ ಬಡಿತ ಸ್ವಲ್ಪ ನಿಧಾನವಾಗುತ್ತದೆ. ಈಗಲೇ ಮಣಿಕಟ್ಟಿನ ನಾಡಿ ಹಿಡಿದು ನೋಡಿ. ಎಳೆಯುವಾಗ ಸ್ವಲ್ಪ ಚುರುಕು, ಬಿಡುವಾಗ ಸ್ವಲ್ಪ ನಿಧಾನ. ಹದಿಹರೆಯದವರಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ವಯಸ್ಸಾದ ಹಾಗೆ ಕಮ್ಮಿ. ಬಿಡುವ ಉಸಿರನ್ನು ಉದ್ದ ಮಾಡಿ ಅನ್ನುವುದು ಇದಕ್ಕೇ.

ಮೆಲುಕು ಹಾಕುವವರಿಗೆ ಇದಕ್ಕಿಂತ ಬೇರೆ ಉಪಾಯ ಬೇಕು. ಸಿಟ್ಟು ಬರಿಸಿ, ಆಮೇಲೆ ಕೆಲವರ ಗಮನವನ್ನು ಬೇರೆ ಕಡೆ ಎಳೆದು ನೋಡಿದ ಪ್ರಯೋಗಗಳಿವೆ. ಅವರ ಬಿಪಿ ಬೇಗ ಇಳಿಯಿತು. ಯೋಚಿಸುತ್ತಾ ಕೂತವರದು ತಡವಾಗಿ. ಆದ್ದರಿಂದ "ಅದನ್ನು ಯೋಚಿಸಬೇಡ" ಅಂತ ನಿಮಗೆ ನೀವೇ ಹೇಳಿಕೊಳ್ಳಬೇಡಿ, ಆಗದ ಕೆಲಸ. ಕೈಗೂ ಕಣ್ಣಿಗೂ ಒಟ್ಟಿಗೆ ಕೆಲಸ ಕೊಡಿ. ಬಟ್ಟೆ ಮಡಚಿ, ತರಕಾರಿ ಹೆಚ್ಚಿ, ಮಗುವಿಗೆ ಲೆಕ್ಕ ಹೇಳಿಕೊಡಿ. (ಮಗುವಿಗೆ ಲೆಕ್ಕ ಹೇಳಿಕೊಡುವುದು ಬಿಪಿ ಇಳಿಸುತ್ತದೋ ಏರಿಸುತ್ತದೋ ಅನ್ನುವುದು ಮಗುವಿನ ಮೇಲಿದೆ.)

ಸ್ವಭಾವ ಬದಲಾಗುತ್ತಾ? "ಹುಟ್ಟುಗುಣ ಸುಟ್ಟರೂ ಹೋಗದು" ಅಂತ ಗಾದೆ ಇದೆ. ಫ್ರೀಡ್‌ಮನ್ ಇದನ್ನು ಪರೀಕ್ಷೆಗೇ ಒಡ್ಡಿದರು. ಒಮ್ಮೆ ಹೃದಯಾಘಾತ ಆದ ಸಾವಿರಕ್ಕೂ ಹೆಚ್ಚು ಮಂದಿಯನ್ನು ಸೇರಿಸಿ, ಒಂದು ಗುಂಪಿಗೆ ಮಾಮೂಲಿ ಹೃದಯದ ಸಲಹೆ ಕೊಟ್ಟರು. ಇನ್ನೊಂದು ಗುಂಪಿಗೆ ಅದರ ಜೊತೆ ಅವಸರ, ಸಿಟ್ಟು ಕಮ್ಮಿ ಮಾಡುವ ತರಬೇತಿಯನ್ನೂ ಕೊಟ್ಟರು. ನಾಲ್ಕೂವರೆ ವರ್ಷದಲ್ಲಿ ಮೊದಲ ಗುಂಪಿನ 21.2% ಮಂದಿಗೆ ಮತ್ತೆ ಹೃದಯದ ತೊಂದರೆ ಬಂತು. ಎರಡನೆಯದರಲ್ಲಿ 12.9%. ತರಬೇತಿಯಲ್ಲಿ ದೊಡ್ಡ ತತ್ವ ಏನಿರಲಿಲ್ಲ. ಬೇಕಂತಲೇ ಉದ್ದದ ಕ್ಯೂನಲ್ಲಿ ಹೋಗಿ ನಿಲ್ಲಿ. ನಿಧಾನವಾಗಿ ಊಟ ಮಾಡಿ. ಎದುರಿನವರು ಮಾತು ಮುಗಿಸುವವರೆಗೆ ಬಾಯಿ ತೆರೆಯಬೇಡಿ. ಇಂಥವೇ. ಫ್ರೀಡ್‌ಮನ್ ಸ್ವತಃ ಟೈಪ್ ಎ ಅಂತ ಒಪ್ಪಿಕೊಂಡಿದ್ದವರು, ಅವರಿಗೇ ಹೃದಯಾಘಾತ ಆಗಿತ್ತು. 2001ರಲ್ಲಿ ತೀರಿಕೊಂಡಾಗ ಅವರ ವಯಸ್ಸು 90.

ಗುಣ ಸುಟ್ಟುಹೋಗಲಿಲ್ಲ, ಒಪ್ಪೋಣ. ಆದರೆ ಅದೇ ಮನುಷ್ಯ ಬೇಗ ಇಳಿಯುವುದನ್ನು ಕಲಿತ.

*

ಸಭಿಕರ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಕೊಡುತ್ತೇನೆ.

ಮನೆಯಲ್ಲೇ ಮೆಷಿನ್ ಇದೆ, ಸಿಟ್ಟು ಬಂದಾಗಲೆಲ್ಲ ನೋಡಿಕೊಳ್ಳಬೇಕಾ ಅಂತ ಒಬ್ಬರು ಕೇಳಿದರು. ಬೇಡ. ನಾನು ಮಾಡಿದ್ದು ಕುತೂಹಲಕ್ಕೆ. ಸಿಟ್ಟಿನಲ್ಲಿ ನೋಡಿದ ಅಂಕಿಯಿಂದ ಬಿಪಿ ಇದೆ ಅಂತಲೂ ಇಲ್ಲ ಅಂತಲೂ ತೀರ್ಮಾನಿಸಲಾಗದು. ಬೆಳಿಗ್ಗೆ ಮತ್ತು ಸಂಜೆ, ಮೂತ್ರ ಮಾಡಿ ಬಂದು, ಐದು ನಿಮಿಷ ಸುಮ್ಮನೆ ಕೂತು, ಒಂದೊಂದು ನಿಮಿಷ ಬಿಟ್ಟು ಎರಡು ಸಲ ನೋಡಿ. ಅದಕ್ಕೂ ಮುಂಚಿನ ಅರ್ಧ ಗಂಟೆ ಕಾಫಿ, ಸಿಗರೇಟು ಬೇಡ. ಒಂದು ವಾರ ಬರೆದಿಟ್ಟು ವೈದ್ಯರಿಗೆ ತೋರಿಸಿ.

ಬಿಪಿ ಮಾತ್ರೆ ತಗೊಂಡರೆ ಸಿಟ್ಟೂ ಕಮ್ಮಿ ಆಗುತ್ತಾ ಅಂತ ಒಬ್ಬ ತಾಯಿ ಕೇಳಿದರು, ಪಕ್ಕದಲ್ಲಿ ಕೂತವರನ್ನು ನೋಡದೆ. ಇಲ್ಲಮ್ಮ. ಮಾತ್ರೆ ಕೆಲಸ ಮಾಡುವುದು ನಾಳಗಳ ಮೇಲೆ, ಕಿಡ್ನಿಯ ಮೇಲೆ, ಹೃದಯದ ಬಡಿತದ ಮೇಲೆ. ಒಬ್ಬರ ಹೆಂಡತಿ ಮೂರು ತಿಂಗಳ ನಂತರ ಬಂದು "ಬಿಪಿ ಸರಿಹೋಯಿತು ಡಾಕ್ಟರೇ, ಇವರು ಮಾತ್ರ ಹಾಗೇ ಇದ್ದಾರೆ" ಅಂದಿದ್ದರು. ಆದರೂ ಮಾತ್ರೆ ಬೇಕು. ಸಿಟ್ಟು ಕಿಡಿಯಾದರೆ ಸೌದೆ ಕಮ್ಮಿ ಮಾಡುವ ಕೆಲಸ ಅದರದು.

ಸಿಟ್ಟು ಬಂದಾಗ ಎದೆ ಹಿಡಿದ ಹಾಗಾಗುತ್ತದೆ, ಆಮೇಲೆ ಹೋಗುತ್ತದೆ, ಗ್ಯಾಸ್ ಇರಬಹುದಾ ಅಂತ ಕೊನೆಯ ಪ್ರಶ್ನೆ. ಇರಬಹುದು, ಆದರೆ ಅದನ್ನು ನೀವು ತೀರ್ಮಾನ ಮಾಡಬೇಡಿ. ಸಿಟ್ಟಿಗೆ ಅಥವಾ ಮೆಟ್ಟಿಲು ಹತ್ತಿದ್ದಕ್ಕೆ ಎದೆ ಬಿಗಿದು, ಸುಧಾರಿಸಿಕೊಂಡರೆ ಹೋಗುತ್ತದೆ ಅಂದರೆ ನಾಳ ಕಿರಿದಾಗಿರುವ ಸೂಚನೆ ಇರಬಹುದು. ಈ ವಾರವೇ ತೋರಿಸಿ. ಹತ್ತು ನಿಮಿಷವಾದರೂ ಹೋಗದಿದ್ದರೆ, ಇಲ್ಲವೇ ಬೆವರು, ಉಬ್ಬಸ, ಎಡಗೈಗೋ ದವಡೆಗೋ ಹರಡುವ ನೋವು ಜೊತೆಗಿದ್ದರೆ ವಾರ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ. ಗಾಡಿ ನೀವೇ ಓಡಿಸಬೇಡಿ. ಹೋದ ಮೇಲೆ ಏನೂ ಇಲ್ಲ ಅಂತ ಗೊತ್ತಾದರೆ ಸುಮ್ನೆ ತೊಂದರೆ ಕೊಟ್ಟೆ ಅಂತ ಮುಜುಗರ ಬೇಡ. ಇಸಿಜಿ ನೋಡಿ, ರಕ್ತ ಪರೀಕ್ಷೆ ಮಾಡಿ, ಏನಿಲ್ಲ ಹೋಗಿ ಅಂತ ಕಳಿಸುವುದು ನಮ್ಮ ದಿನದ ಖುಷಿಯ ಕೆಲಸಗಳಲ್ಲಿ ಒಂದು.